ಆರಿದ ಬೆಂಕಿಯ ಹೊಗೆ

ಏಳನೇ ವಾರದ ಸ್ಕ್ಯಾನಿಂಗ್‌ನಲ್ಲಿ ಎರಡು ಚೀಲ ಕಾಣುತ್ತವೆ. ಬೂದುಬಣ್ಣದ ತೆರೆಯ ಮೇಲೆ ಅವರೆಕಾಳಿನ ಆಕಾರದ ಎರಡು ಕಪ್ಪು ಗುಳಿ, ಒಂದೊಂದರೊಳಗೂ ಅಕ್ಕಿಕಾಳಿನಷ್ಟು ಬಿಳುಪು, ಆ ಬಿಳುಪಿನ ನಡುವೆ ಮಿಣಮಿಣ ಮಿಡಿತ. ಡಾಕ್ಟರು ತೆರೆಯನ್ನು ಬಸುರಿಯ ಕಡೆ ತಿರುಗಿಸಿ ‘ಅವಳಿ ಇದೆ ಕಣಮ್ಮ’ ಅನ್ನುತ್ತಾರೆ. ಮನೆಗೆ ಬಂದರೆ ಅತ್ತೆಗೆ ನಗು: ‘ಜೋಡಿ ಬಾಳೆಹಣ್ಣು ತಿನ್ನಬೇಡ ಅಂತ ಬಡಕೊಂಡೆ, ಕೇಳಿದ್ಯಾ?’ ಜೊತೆಗೇ ಒಂದು ಕಟ್ಟಪ್ಪಣೆ. ಮೂರು ತಿಂಗಳು ತುಂಬುವ ತನಕ ಯಾರ ಮುಂದೆಯೂ ಬಾಯಿ ಬಿಡಬಾರದು, ದೃಷ್ಟಿಯಾಗುತ್ತದೆ.

ಹನ್ನೊಂದನೇ ವಾರಕ್ಕೆ ಮತ್ತೆ ಹೋದಾಗ ಒಂದು ಚೀಲದಲ್ಲಿ ಮಗು ಕೈಕಾಲು ಆಡಿಸುತ್ತಿದೆ. ಇನ್ನೊಂದು ಚೀಲ ಸುಕ್ಕಿಹೋಗಿ ಗರ್ಭಕೋಶದ ಗೋಡೆಗೆ ಅಂಟಿದ ಗೀಟಿನಂತಾಗಿದೆ. ಹೊಟ್ಟೆನೋವು ಬಂದಿರಲಿಲ್ಲ, ಬಟ್ಟೆಗೆ ಒಂದು ಹನಿ ರಕ್ತ ಸೋಕಿರಲಿಲ್ಲ. ಬಸುರು ಹೋಯಿತು ಅನ್ನುವ ಹಾಗಿಲ್ಲ, ಯಾಕೆಂದರೆ ಬಸುರು ಇದೆ. ಅವಳಿಯ ಸುದ್ದಿಯನ್ನೇ ಯಾರಿಗೂ ಹೇಳಿರದ ಕಾರಣ, ಒಂದು ಹೋದ ಸುದ್ದಿಯನ್ನೂ ಹೇಳುವಂತಿಲ್ಲ.

ಇದು ಯಾರೋ ಒಬ್ಬಳ ಕತೆಯಲ್ಲ. ಮೊದಲ ವಾರಗಳಲ್ಲೇ ಸ್ಕ್ಯಾನಿಂಗ್ ಮಾಡಿ ಅವಳಿಯೆಂದು ಗುರುತಿಸಿದ ಬಸುರುಗಳಲ್ಲಿ ಐದರಲ್ಲೊಂದರಿಂದ ಮೂರರಲ್ಲೊಂದರಷ್ಟು ಹೀಗೆಯೇ ಒಂಟಿಯಾಗುತ್ತವೆ ಎಂಬುದು ವೈದ್ಯರ ಅಂದಾಜು. ಎರಡೆರಡು ಭ್ರೂಣಗಳನ್ನು ಇರಿಸುವ ಐವಿಎಫ್ ಚಿಕಿತ್ಸೆಯಲ್ಲಂತೂ ಇದು ಇನ್ನಷ್ಟು ಪರಿಚಿತ. ಐವಿಎಫ್‌ನಿಂದ ಒಂಟಿಯಾಗಿ ಹುಟ್ಟಿದ ಮಕ್ಕಳಲ್ಲಿ ಹತ್ತರಲ್ಲೊಂದು ಮೊದಲಿಗೆ ಅವಳಿಯಾಗಿತ್ತು ಎಂದು ಡೆನ್ಮಾರ್ಕಿನ ಸಂಶೋಧಕರು 2005ರಲ್ಲಿ ತೋರಿಸಿದರು. ಇಂಗ್ಲಿಷಿನಲ್ಲಿ ಇದಕ್ಕೆ ‘ವ್ಯಾನಿಶಿಂಗ್ ಟ್ವಿನ್’ ಎಂಬ ಹೆಸರು, ಮಾಯವಾಗುವ ಅವಳಿ. ಜಾದೂಗಾರನ ಕೈಯಿಂದ ಬಂದಂತಿರುವ ಈ ಹೆಸರು ಅಷ್ಟೇನೂ ನಿಜವಲ್ಲ. ಕಣ್ಣಿಗೆ ಕಾಣದಾದದ್ದು ತಾಯಿಯ ರಕ್ತದಲ್ಲಿ ಇನ್ನೂ ವಾರಗಟ್ಟಲೆ ಮಾತಾಡುತ್ತಲೇ ಇರುತ್ತದೆ. ತೊಡಕು ಶುರುವಾಗುವುದೂ ಅಲ್ಲಿಂದಲೇ.

ಒಡಲಲ್ಲೇ ಕರಗಿಹೋಗುವ ಗರ್ಭ ಹಳಬರಿಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಕಿಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದ ಹತ್ತನೇ ಅಧ್ಯಾಯ ಬಸುರಿ ಬಾಣಂತಿಯರ ಆರೈಕೆಗೆ ಮೀಸಲು. ಅಲ್ಲಿ ಔಷಧ ಪಥ್ಯಗಳ ನಡುವೆ ಒಂದು ಮಾತು ಸುಳಿದುಹೋಗುತ್ತದೆ. ವಾಯುವಿನ ಹೊಡೆತಕ್ಕೆ ಸಿಕ್ಕಿದ ಗರ್ಭ ಹೊಟ್ಟೆಯನ್ನು ಉಬ್ಬಿಸಿ, ಒಮ್ಮೊಮ್ಮೆ ತನ್ನಷ್ಟಕ್ಕೆ ತಾನೇ ಅಡಗಿಬಿಡುತ್ತದೆ. ಅದನ್ನು ನೈಗಮೇಷ ಕದ್ದೊಯ್ದನೆಂದು ಹೇಳುತ್ತಾರೆ. ಮೆಲ್ಲಗೆ ಕರಗಿಹೋದರೆ ನಾಗೋದರ ಎನ್ನುತ್ತಾರೆ. ಗಮನಿಸಬೇಕಾದದ್ದು ಆ ‘ಹೇಳುತ್ತಾರೆ’ಯನ್ನು. ವೈದ್ಯ ತಾನೇ ದೇವರ ಮೇಲೆ ಕಳವಿನ ಆರೋಪ ಹೊರಿಸುವುದಿಲ್ಲ, ಜನರ ಬಾಯಿಂದ ಹೊರಿಸುತ್ತಾನೆ. ತನ್ನ ಮಟ್ಟಿಗೆ ಅದು ವಾಯುವಿನ ಕೆಲಸ, ಆಕಸ್ಮಿಕ. ಎರಡು ವಿವರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ಅವನು ಮುಂದಿನ ಕಷಾಯಕ್ಕೆ ಹೋಗಿಬಿಡುತ್ತಾನೆ.

ಈ ನೈಗಮೇಷನಿಗೆ ಆಡಿನ ಮೋರೆ. ಮಥುರೆಯ ಕಂಕಾಲಿ ಟೀಲಾದಲ್ಲಿ ಸಿಕ್ಕ ಕುಷಾಣರ ಕಾಲದ ಶಿಲ್ಪಗಳಲ್ಲಿ ಅವನು ಕಾಣಿಸುತ್ತಾನೆ. ಶ್ವೇತಾಂಬರ ಜೈನರ ಕಲ್ಪಸೂತ್ರದಲ್ಲಿ ಅವನೇ ಹರಿಣೇಗಮೇಸಿ; ದೇವಾನಂದೆಯ ಗರ್ಭದಲ್ಲಿದ್ದ ಮಹಾವೀರನನ್ನು ಎಂಬತ್ತೆರಡು ದಿನ ಕಳೆದ ಮೇಲೆ ಎತ್ತಿ ತ್ರಿಶಲೆಯ ಗರ್ಭಕ್ಕೆ ಸೇರಿಸಿದವನು. (ಎಂಬತ್ತೆರಡು ದಿನವೆಂದರೆ ಇವತ್ತಿನ ಸ್ಕ್ಯಾನಿಂಗ್ ಲೆಕ್ಕದಲ್ಲಿ ಮೊದಲ ಮೂರು ತಿಂಗಳು ಮುಗಿಯುವ ಹೊತ್ತು. ಕಾಕತಾಳೀಯವೇ ಇರಬೇಕು, ಆದರೂ ಬೆರಳು ಮಡಿಸಿ ಎಣಿಸಬೇಕೆನಿಸುತ್ತದೆ.) ಕರ್ನಾಟಕದ ಜೈನರಲ್ಲಿ ಬಹುಪಾಲು ದಿಗಂಬರರು, ಅವರು ಈ ಕತೆಯನ್ನು ಒಪ್ಪುವುದಿಲ್ಲ, ಶ್ರವಣಬೆಳಗೊಳದಲ್ಲಿ ನಿಂತು ಕೇಳಿದರೆ ಮಹಾವೀರ ತ್ರಿಶಲೆಯ ಗರ್ಭದಲ್ಲೇ ಬೆಳೆದವನು. ಕತೆಯ ಇನ್ನೊಂದು ತುಣುಕು ಮಾತ್ರ ಯಾವ ತಾಯಿಯನ್ನೂ ಮುಟ್ಟುವಂಥದ್ದು. ತನ್ನ ಮಿಸುಕಾಟದಿಂದ ತಾಯಿಗೆ ನೋವಾದೀತೆಂದು ಮಗು ಒಳಗೆ ಅಲುಗಾಡದೆ ಸುಮ್ಮನಾಗುತ್ತದೆ. ತ್ರಿಶಲೆಗೆ ಎದೆಯೊಡೆದುಹೋಗುತ್ತದೆ, ನನ್ನ ಗರ್ಭವನ್ನು ಯಾರೋ ಕದ್ದರು, ಅದು ಜಾರಿಹೋಯಿತು ಎಂದು ಅಳುತ್ತಾಳೆ. ಅರಮನೆಯ ಸಂಗೀತ ನಿಲ್ಲುತ್ತದೆ. ಆಗ ಮಗು ಒಂದಿಷ್ಟು ಕದಲುತ್ತದೆ.

ಭಾಗವತದ ದೇವಕಿಗೂ ಇದೇ ಗತಿ. ಏಳನೇ ಗರ್ಭವನ್ನು ಯೋಗಮಾಯೆ ಸೆಳೆದು ರೋಹಿಣಿಯಲ್ಲಿಟ್ಟಾಗ ಊರ ಜನಕ್ಕೆ ಕಂಡದ್ದು ಗರ್ಭಪಾತ. ಅಯ್ಯೋ ಪಾಪ, ದೇವಕಿಯ ಗರ್ಭ ಬಿತ್ತು ಎಂದು ಅವರು ಮರುಗಿದರು. ಅತ್ತ ಗೋಕುಲದಲ್ಲಿ ಬಲರಾಮ ಬೆಳೆಯುತ್ತಿದ್ದ.

ಈ ಕತೆಗಳಲ್ಲೆಲ್ಲ ಕಾಣೆಯಾದದ್ದು ಇನ್ನೆಲ್ಲೋ ಇದೆ ಎಂಬ ನೆಮ್ಮದಿಯಿದೆ. ಇವತ್ತಿನ ಪ್ರಯೋಗಾಲಯವೂ ವಿಚಿತ್ರ ರೀತಿಯಲ್ಲಿ ಅದನ್ನೇ ಹೇಳುತ್ತಿದೆ, ನೆಮ್ಮದಿಯನ್ನು ಮಾತ್ರ ಕೊಡುವುದಿಲ್ಲ.

1997ರಲ್ಲಿ ಡೆನಿಸ್ ಲೋ ಮತ್ತು ಸಂಗಡಿಗರು ಬಸುರಿಯರ ರಕ್ತದ ತಿಳಿಯಲ್ಲಿ ಮಗುವಿನ ಡಿಎನ್‌ಎ ತೇಲುತ್ತಿರುತ್ತದೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಹಿಂದಿನ ವರ್ಷ ಕ್ಯಾನ್ಸರ್ ಗಡ್ಡೆಯ ಡಿಎನ್‌ಎ ರೋಗಿಯ ರಕ್ತದಲ್ಲಿ ಸಿಕ್ಕಿತ್ತು. ಒಡಲೊಳಗೆ ಬೆಳೆಯುವ ಗಡ್ಡೆ ತನ್ನ ಚೂರುಗಳನ್ನು ರಕ್ತಕ್ಕೆ ಉದುರಿಸುವುದಾದರೆ, ಅದಕ್ಕಿಂತ ದೊಡ್ಡದಾಗಿ ಬೆಳೆಯುವ ಮಗು ಯಾಕೆ ಉದುರಿಸಬಾರದು ಎಂಬುದು ಲೋ ಅವರ ತರ್ಕ. ಹುಡುಕಿದ್ದು ವೈ ಕ್ರೋಮೋಸೋಮನ್ನು, ಹೆಣ್ಣಿನ ರಕ್ತದಲ್ಲಿ ಅದು ತನ್ನದಾಗಿ ಇರಲು ಸಾಧ್ಯವಿಲ್ಲವಲ್ಲ. 2011ರ ಹೊತ್ತಿಗೆ ಇದು ಮಾರುಕಟ್ಟೆಗೆ ಬಂದು ಎನ್‌ಐಪಿಟಿ ಎಂಬ ಹೆಸರು ಪಡೆಯಿತು. ಹತ್ತನೇ ವಾರ ದಾಟಿದ ಬಸುರಿಯ ತೋಳಿನಿಂದ ಒಂದೆರಡು ಕೊಳವೆ ರಕ್ತ ತೆಗೆದು, ಡೌನ್ ಸಿಂಡ್ರೋಮಿನಂಥ ಕ್ರೋಮೋಸೋಮ್ ಹೆಚ್ಚುವರಿಗಳ ಸಂಭವವನ್ನು ಲೆಕ್ಕ ಹಾಕುವ ಪರೀಕ್ಷೆ. ಹೊಟ್ಟೆಗೆ ಸೂಜಿ ಚುಚ್ಚುವುದಿಲ್ಲ, ಮಗುವಿನ ತಂಟೆಗೆ ಹೋಗುವುದಿಲ್ಲ.

ಅದು ಓದುವುದು ಮಗುವನ್ನೇ ಅಲ್ಲ ಎಂಬುದನ್ನು ಮಾತ್ರ ಎಷ್ಟೋ ಮಂದಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ರಕ್ತದಲ್ಲಿ ತೇಲುವ ಚೂರುಗಳು ಬರುವುದು ಮುಖ್ಯವಾಗಿ ಮಾಸಿನಿಂದ. ಮಾಸಿನ ಜೀವಕೋಶಗಳು ಸವೆದು ಸಾಯುತ್ತ ತಮ್ಮ ಡಿಎನ್‌ಎಯನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಹೆರಿಗೆಯಾದ ಮೇಲೆ ಈ ಚೂರುಗಳು ಎಷ್ಟು ಬೇಗ ಅಳಿಯುತ್ತವೆಂದರೆ, ಅವುಗಳ ಅರ್ಧಾಯುಷ್ಯ ಹದಿನಾರು ನಿಮಿಷದ ಆಸುಪಾಸು ಎಂದು ಲೋ ಅವರೇ 1999ರಲ್ಲಿ ಅಳೆದರು. ತೊಟ್ಟಿಲಲ್ಲಿ ಮಲಗಿದ ಕೂಸಿನ ಕುರುಹು ತಾಯಿಯ ರಕ್ತದಿಂದ ಒಂದೆರಡು ದಿನದಲ್ಲಿ ಒರೆಸಿಹೋಗುತ್ತದೆ. ಹುಟ್ಟದೇ ಹೋದ ಅವಳಿಯದು ಹಾಗಲ್ಲ. ಮಗುವಿನ ಮಿಡಿತ ನಿಂತರೂ ಅದರ ಮಾಸು ಕೂಡಲೇ ಅಳಿಯದೆ ವಾರಗಟ್ಟಲೆ ಕರಗುತ್ತ ಚೂರು ಬಿಡುತ್ತಲೇ ಇರುತ್ತದೆ. ಬದುಕಿ ಬಂದ ಮಗು ಬೇಗ ಮಾಸುತ್ತದೆ, ಸತ್ತದ್ದು ಉಳಿಯುತ್ತದೆ.

ಇಷ್ಟು ಸಾಲದೆಂಬಂತೆ ಇನ್ನೊಂದು ಗಂಟು. ಮೊದಲ ತಿಂಗಳುಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕ್ರೋಮೋಸೋಮಿನ ಏರುಪೇರು ಇರುತ್ತದೆ. ಅಂದರೆ ಕರಗಿದ ಅವಳಿ ಬಿಟ್ಟ ಚೂರುಗಳಲ್ಲಿ ಆ ಏರುಪೇರಿನ ಗುರುತು ಇರುವ ಸಂಭವ ಹೆಚ್ಚು. ಯಂತ್ರ ಎಣಿಸುವುದು ಚೂರುಗಳನ್ನು, ಅವು ಯಾರವು ಎಂಬುದು ಹಲವು ಬಗೆಯ ಪರೀಕ್ಷೆಗಳಿಗೆ ತಿಳಿಯುವುದಿಲ್ಲ. ‘ಹೈ ರಿಸ್ಕ್’ ಎಂದು ರಿಪೋರ್ಟ್ ಬರುತ್ತದೆ. ಕೈಕಾಲು ಆಡಿಸುತ್ತಿರುವ ಮಗುವಿನ ಹೆಸರಿಗೆ ಹೋದ ಮಗುವಿನ ಜಾತಕ ಅಂಟಿಕೊಳ್ಳುತ್ತದೆ.

ಎರಡು ಡಿಎನ್‌ಎಗಳನ್ನು ಬೇರ್ಪಡಿಸಿ ನೋಡಬಲ್ಲ ಪರೀಕ್ಷೆಯೂ ಇದೆ. ಆ ಬಗೆಯ 30,795 ಮಾದರಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರಲ್ಲಿ 130 ರಕ್ತಗಳಲ್ಲಿ ಒಂದೇ ಮಗುವಿಗೆ ಹೊಂದದಷ್ಟು ಹೆಚ್ಚುವರಿ ಗುರುತುಗಳು ಸಿಕ್ಕವು. ಮುಂದೇನಾಯಿತೆಂದು ಪತ್ತೆ ಹಚ್ಚಲಾದದ್ದು 76 ಪ್ರಕರಣಗಳಲ್ಲಿ. ಅವುಗಳಲ್ಲಿ 32 ಕರಗಿಹೋದ ಅವಳಿಯವು. ದೊಡ್ಡ ಸಂಖ್ಯೆಯೇನಲ್ಲ. ಆದರೆ ಈ ಲೆಕ್ಕದಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಒಬ್ಬೊಬ್ಬ ತಾಯಿಗೂ ಅದು ತನ್ನದೇ ತಪ್ಪೆಂಬಂತೆ ತೋರುತ್ತದೆ.

ನ್ಯಾಯಶಾಸ್ತ್ರ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರ, ಓದಿದವರಿಗೆ ಇದು ಹೊಸ ಸಮಸ್ಯೆಯಲ್ಲ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸುವುದು ಅನುಮಾನದ ಪಾಠದ ಮೊದಲ ಉದಾಹರಣೆ. ಅಡುಗೆಮನೆಯಲ್ಲಿ ಹಾಗೆ ಕಂಡಿದ್ದೇವೆ, ಕೆರೆಯಲ್ಲಿ ಕಂಡಿಲ್ಲ ಎಂಬುದು ಅದರ ಆಧಾರ. ಇದಕ್ಕೆ ತಾರ್ಕಿಕರೇ ತಂದುಕೊಂಡ ತಕರಾರೊಂದಿದೆ, ದನ ಕಾಯುವವನ ಗಡಿಗೆ. ಗೋಪಾಲಘಟಿಕೆ ಎಂದು ಅದರ ಹೆಸರು. ಗಡಿಗೆಯೊಳಗಿನ ಬೆಂಕಿ ಆರಿ ಎಷ್ಟೋ ಹೊತ್ತಾಗಿದೆ, ಹೊಗೆ ಮಾತ್ರ ಒಳಗೇ ಸಿಕ್ಕಿಕೊಂಡಿದೆ. ಮುಚ್ಚಳ ತೆಗೆದವನ ಕಣ್ಣಿಗೆ ಹೊಗೆ ನಿಜ, ಬೆಂಕಿ ಸುಳ್ಳು. ಹೊಗೆ ಎಲ್ಲಿಂದ ಎದ್ದಿತು, ಬುಡ ಹಿಡಿದು ಬರುತ್ತಿದೆಯೇ ಎಂದು ನೋಡದೆ ಬೆಂಕಿಯ ಮಾತಾಡಬಾರದು ಎಂದು ಅವರು ಷರತ್ತು ಸೇರಿಸಿದರು. ಎನ್‌ಐಪಿಟಿ ಮೇಲೆ ಬಂದಿರುವ ವೈದ್ಯಕೀಯ ಮಾರ್ಗಸೂಚಿಗಳು ಬೇರೆ ಭಾಷೆಯಲ್ಲಿ ಇದನ್ನೇ ಹೇಳುತ್ತವೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2020ರಲ್ಲಿ, ಒಂದು ಅವಳಿ ಹೋಗಿರುವಾಗ ರಕ್ತದ ಯಾವ ತಪಾಸಣೆಯೂ ದಾರಿ ತಪ್ಪಿಸುವ ಸಂಭವ ಗಣನೀಯ ಎಂದು ಎಚ್ಚರಿಸಿತು.

‘ರಕ್ತದ ಯಾವ ತಪಾಸಣೆಯೂ’ ಎಂಬುದಕ್ಕೆ ಒತ್ತು ಕೊಡಬೇಕು. ಎನ್‌ಐಪಿಟಿಗಿಂತ ಹಳೆಯ, ಅಗ್ಗದ ರಕ್ತಪರೀಕ್ಷೆಯಲ್ಲಿ ಪಿಎಪಿಪಿ-ಎ ಎಂಬ ಪ್ರೋಟೀನನ್ನು ಅಳೆಯುತ್ತಾರೆ. ಅದು ಕಡಿಮೆಯಿದ್ದರೆ ಡೌನ್ ಸಿಂಡ್ರೋಮಿನ ಸಂಶಯ. ಅದನ್ನು ಸ್ರವಿಸುವುದೂ ಮಾಸೇ. ಕರಗುತ್ತಿರುವ ಎರಡನೇ ಮಾಸು ತನ್ನ ಪಾಲನ್ನೂ ಸೇರಿಸಿದರೆ ಪ್ರಮಾಣ ಏರುತ್ತದೆ, ಸಂಶಯ ಪಡಬೇಕಾದ ಕಡೆಯೂ ‘ಎಲ್ಲ ಸರಿಯಿದೆ’ ಎಂಬ ಉತ್ತರ ಬರಬಹುದು. ಹೊಸ ಪರೀಕ್ಷೆಯಲ್ಲಿ ಸತ್ತ ಅವಳಿ ಬದುಕಿರುವುದರ ಮೇಲೆ ಸುಳ್ಳು ದೂರು ಕೊಡುತ್ತದೆ, ಹಳೆಯ ಪರೀಕ್ಷೆಯಲ್ಲಿ ಅದರ ಪರವಾಗಿ ಸುಳ್ಳು ಸಾಕ್ಷಿ ಹೇಳುತ್ತದೆ. ಒಡಹುಟ್ಟಿದವರ ಸ್ವಭಾವವೇ ಹಾಗೆ ಎನ್ನಬೇಕೇನೋ.

ಕೊನೆಗೆ ನೆರವಿಗೆ ಬರುವುದು ಕಣ್ಣು. ಹನ್ನೊಂದರಿಂದ ಹದಿನಾಲ್ಕನೇ ವಾರದೊಳಗೆ ಮಗುವಿನ ಕತ್ತಿನ ಹಿಂಭಾಗದಲ್ಲಿ ಚರ್ಮದಡಿ ಸೇರಿರುವ ನೀರಿನ ದಪ್ಪವನ್ನು ಸ್ಕ್ಯಾನಿಂಗ್‌ನಲ್ಲಿ ಮಿಲಿಮೀಟರಿನ ಭಾಗಗಳಲ್ಲಿ ಅಳೆಯುವುದಿದೆಯಲ್ಲ, ಎನ್‌ಟಿ ಸ್ಕ್ಯಾನ್, 1990ರ ದಶಕದ ಮೊದಲಲ್ಲಿ ಲಂಡನ್ನಿನ ಕೈಪ್ರೋಸ್ ನಿಕೊಲೈಡಿಸ್ ಬಳಕೆಗೆ ತಂದದ್ದು. ತಾಯಿಯ ವಯಸ್ಸಿನ ಜೊತೆ ಸೇರಿಸಿದರೆ ಡೌನ್ ಸಿಂಡ್ರೋಮ್ ಇರುವ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರನ್ನು ಅದು ಗುರುತಿಸುತ್ತದೆ. ಎನ್‌ಐಪಿಟಿಯ ಶೇಕಡಾ 99ರ ಮುಂದೆ ಬಡಪಾಯಿ. ಆದರೆ ಅದು ನೋಡುತ್ತಿರುವುದು ಇಗೋ ಇಲ್ಲಿರುವ, ಈಗ ಅಲುಗಾಡುತ್ತಿರುವ ಈ ಮಗುವನ್ನೇ. ಅನುಮಾನ ಎಡವಿದಲ್ಲಿ ಪ್ರತ್ಯಕ್ಷಕ್ಕೆ ಹಿಂದಿರುಗುವ ಈ ಸಂದರ್ಭ ತಾರ್ಕಿಕರಿಗೆ ಖುಷಿ ಕೊಟ್ಟೀತು. ಇಷ್ಟಕ್ಕೂ ಸಮಾಧಾನವಾಗದಿದ್ದರೆ ಹದಿನೈದು ವಾರ ದಾಟಿದ ಮೇಲೆ ಸೂಜಿ ಹಾಕಿ ಮಗುವಿನ ಸುತ್ತಲ ನೀರು ತೆಗೆಯುವುದು, ಆಮ್ನಿಯೋಸೆಂಟೆಸಿಸ್. ಬದುಕಿರುವ ಮಗುವಿನ ಚೀಲದಿಂದಲೇ ತೆಗೆದ ನೀರು ಅದರದೇ ಮಾತಾಡುತ್ತದೆ.

ಭಾರತದಲ್ಲಿ ಈ ಗೋಜಲಿಗೆ ಇನ್ನೊಂದು ಎಳೆ ಸೇರಿದೆ. ಬೇರೆ ಹಲವು ದೇಶಗಳಲ್ಲಿ ಎನ್‌ಐಪಿಟಿ ರಿಪೋರ್ಟು ಗಂಡೋ ಹೆಣ್ಣೋ ಎಂಬುದನ್ನೂ ತಿಳಿಸುತ್ತದೆ. ರಿಪೋರ್ಟಿನಲ್ಲಿ ವೈ ಕ್ರೋಮೋಸೋಮ್ ಇದ್ದು, ಇಪ್ಪತ್ತನೇ ವಾರದ ಸ್ಕ್ಯಾನಿಂಗ್‌ನಲ್ಲಿ ಹೆಣ್ಣುಮಗು ಕಂಡಾಗ, ಅಲ್ಲೊಂದು ಗಂಡು ಇದ್ದು ಹೋಗಿರಬೇಕು ಎಂಬ ಸುಳಿವು ಅಲ್ಲಿನವರಿಗೆ ಸಿಗುತ್ತದೆ. ಇಲ್ಲಿ 1994ರ ಕಾಯ್ದೆ ಲಿಂಗ ತಿಳಿಸುವುದನ್ನು ನಿಷೇಧಿಸಿದೆ. ಹೆಣ್ಣುಮಕ್ಕಳನ್ನು ಹೊಟ್ಟೆಯಲ್ಲೇ ಎಣಿಸಿ ಕಳೆಯುತ್ತಿದ್ದ ಸಮಾಜಕ್ಕೆ ಆ ಬಾಯಿಬೀಗ ಬೇಕೇಬೇಕಿತ್ತು, ಈಗಲೂ ಬೇಕು. ಅದರ ಅಡ್ಡಪರಿಣಾಮವಾಗಿ ಕರಗಿಹೋದ ಅವಳಿಗೆ ಇಲ್ಲಿ ಲಿಂಗವಿಲ್ಲ. ಹೋದದ್ದು ಗಂಡಾಗಿತ್ತು ಎಂದು ಗೊತ್ತಾದರೆ ಕೆಲವು ಮನೆಗಳಲ್ಲಿ ಉಳಿದವಳನ್ನು ನೋಡುವ ಕಣ್ಣೇ ಬೇರೆಯಾಗುತ್ತಿತ್ತು. ಒಂದು ಸುಳಿವು ಕಳೆದುಕೊಂಡು ಅಷ್ಟರಮಟ್ಟಿಗೆ ಆ ಹುಡುಗಿ ಬಚಾವಾದಳು.

ಈಗ ಸಮಾಧಾನದ ಮಾತುಗಳಿಗೆ ಬರೋಣ. ಒಂದು ಚೀಲ ಖಾಲಿಯಾದಾಗ ಬಿಳಿ ಕೋಟಿನವರು ಸಾಮಾನ್ಯವಾಗಿ ಹೇಳುವುದು: ‘ಆ ಮಗುವಿಗೆ ಏನೋ ತೊಂದರೆ ಇತ್ತು, ಪ್ರಕೃತಿಯೇ ನೋಡಿಕೊಂಡಿತು.’ ವೈಜ್ಞಾನಿಕವಾಗಿ ಇದು ಅರ್ಧ ನಿಜ, ಹೇಳುವವರ ಮನಸ್ಸಿನಲ್ಲಿ ಕರುಣೆಯೂ ಇದೆ. ಆದರೆ ಮೂರು ವಾರದ ನಂತರ ಉಳಿದ ಮಗುವಿನ ಹೆಸರಿನಲ್ಲಿ ‘ಹೈ ರಿಸ್ಕ್’ ಎಂದು ಕಾಗದ ಬಂದಾಗ ಆ ಮಾತು ತಿರುಗಿ ಕಚ್ಚುತ್ತದೆ. ತೊಂದರೆಯಿರುವುದು ಹೋದದ್ದು ಒಳ್ಳೆಯದಾಯಿತು ಎಂದು ಒಮ್ಮೆ ಒಪ್ಪಿಕೊಂಡ ತಾಯಿ ಈಗ ಉಳಿದದ್ದರ ಬಗ್ಗೆ ಏನೆಂದುಕೊಳ್ಳಬೇಕು? ಪ್ರಕೃತಿ ಅರ್ಧಕ್ಕೆ ಬಿಟ್ಟ ಕೆಲಸವನ್ನು ತಾನು ಮುಗಿಸಬೇಕೆಂದೇ? ಸಾಂತ್ವನವಾಗಿ ಒಳಗೆ ಬಂದ ವಾಕ್ಯ ತೀರ್ಪಾಗಿ ಕೂತುಬಿಡುತ್ತದೆ.

ಊರಿನ ಅಜ್ಜಿಯರ ಮಾತು ಬೇರೆ. ‘ಅದರ ಋಣ ಅಷ್ಟೇ ಇತ್ತು.’ ವಿದ್ಯಾವಂತರಿಗೆ ಇದು ವಿಧಿವಾದದಂತೆ ಕೇಳಿಸಬಹುದು. ಕಿವಿಗೊಟ್ಟು ಕೇಳಿದರೆ ಅದರಲ್ಲಿ ಹೋದ ಮಗುವಿನ ಮೇಲೆ ಯಾವ ದೂರೂ ಇಲ್ಲ. ಅದಕ್ಕೆ ಐಬಿತ್ತೆಂದು ಹೇಳುವುದಿಲ್ಲ, ತಾಯಿ ಭಾರ ಎತ್ತಿದ್ದಕ್ಕೋ ಗ್ರಹಣ ನೋಡಿದ್ದಕ್ಕೋ ಹೋಯಿತೆಂದೂ ಅನ್ನುವುದಿಲ್ಲ. ಕೊಡುಕೊಳ್ಳುವ ಲೆಕ್ಕ ಏಳು ವಾರದ್ದಿತ್ತು, ತೀರಿತು. ಉಳಿದದ್ದರ ಲೆಕ್ಕದ ಪುಸ್ತಕವೇ ಬೇರೆ. ತರ್ಕವಾಗಿ ನೋಡಿದರೂ ಎರಡು ಮಕ್ಕಳನ್ನು ಎರಡಾಗಿ ಉಳಿಸುವ ಕೆಲಸವನ್ನು ಈ ಮಾತು ಆ ಇನ್ನೊಂದಕ್ಕಿಂತ ಚೆನ್ನಾಗಿ ಮಾಡುತ್ತದೆ. ‘ಒಂದು ಇನ್ನೊಂದನ್ನು ನುಂಗಿತು’ ಎಂಬ ಕೆಟ್ಟ ಮಾತೂ ಹಳ್ಳಿಗಳಲ್ಲಿ ಕೇಳಸಿಗುತ್ತದೆ. ಅಜ್ಜಿಯರೆಲ್ಲ ಜಾಣೆಯರೆಂದು ಹೇಳಲು ಹೊರಟಿಲ್ಲ.

ಪರೀಕ್ಷೆಯಿಂದ ಏನು ಮಾಡಬೇಕೆಂಬ ಪ್ರಶ್ನೆ ಅದನ್ನು ಸಾಧ್ಯವಾಗಿಸಿದವರನ್ನೂ ಕಾಡಿದೆ. ಡೌನ್ ಸಿಂಡ್ರೋಮಿಗೆ 21ನೇ ಕ್ರೋಮೋಸೋಮಿನ ಹೆಚ್ಚುವರಿ ಪ್ರತಿ ಕಾರಣವೆಂದು 1959ರಲ್ಲಿ ಪ್ಯಾರಿಸ್ಸಿನಿಂದ ಪ್ರಕಟಿಸಿದವರಲ್ಲಿ ಜೆರೋಮ್ ಲೆಜೂನ್ ಒಬ್ಬರು, ನಿಷ್ಠಾವಂತ ಕ್ಯಾಥೊಲಿಕ್. ತಾವು ಕಂಡ ಗುರುತನ್ನು ಹಿಡಿದು ಆ ಮಕ್ಕಳನ್ನು ಹುಟ್ಟುವ ಮೊದಲೇ ಹುಡುಕುವುದು ಶುರುವಾದಾಗ ಅವರು ಜೀವನಪೂರ್ತಿ ಅದನ್ನು ವಿರೋಧಿಸಿದರು. 1994ರಲ್ಲಿ ತೀರಿಕೊಂಡರು, 2021ರಲ್ಲಿ ಚರ್ಚ್ ಅವರನ್ನು ಪೂಜ್ಯರ ಸಾಲಿಗೆ ಸೇರಿಸಿತು. ತಪಾಸಣೆಯೇ ಪಾಪವೆಂದು ಆ ಚರ್ಚ್ ಹೇಳುವುದಿಲ್ಲ. ಮಗುವಿನ ಆರೈಕೆಗಾಗಿ, ಮಿತಿಮೀರಿದ ಅಪಾಯವಿಲ್ಲದೆ ಮಾಡಬಹುದು, ತೆಗೆಸುವ ಉದ್ದೇಶದಿಂದ ಕೂಡದು ಎನ್ನುತ್ತದೆ.

ಇಸ್ಲಾಮಿನ ಬಹುತೇಕ ವಿದ್ವಾಂಸರು 120 ದಿನಕ್ಕೆ ಭ್ರೂಣಕ್ಕೆ ರೂಹ್ (ಆತ್ಮ) ಊದಲಾಗುತ್ತದೆ ಎಂಬ ಹದೀಸನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ. ಮೆಕ್ಕಾದ ಫಿಕ್ಹ್ ಮಂಡಳಿ 1990ರಲ್ಲಿ, ತೀವ್ರ ವೈಕಲ್ಯ ಖಚಿತವಾದರೆ ಆ ಗಡಿಯೊಳಗೆ ಗರ್ಭ ತೆಗೆಸಲು ಅನುಮತಿಯಿದೆ ಎಂದಿತು. ಇಲ್ಲಿ ಮಾಯವಾದ ಅವಳಿ ಗಡಿಯಾರದ ಮುಳ್ಳನ್ನೇ ಹಿಡಿದೆಳೆಯುತ್ತದೆ. 120 ದಿನವೆಂದರೆ ಆಸ್ಪತ್ರೆಯ ಲೆಕ್ಕದಲ್ಲಿ ಹತ್ತೊಂಬತ್ತು ವಾರ. ಹತ್ತನೇ ವಾರದ ರಕ್ತಪರೀಕ್ಷೆಯನ್ನು ನಂಬುವಂತಿಲ್ಲ ಎಂದಾದರೆ ಹದಿನಾರನೇ ವಾರದ ಸೂಜಿಗೆ ಕಾಯಬೇಕು, ಜೀವಕೋಶ ಬೆಳೆಸಿ ನೋಡುವ ಪೂರ್ಣ ವರದಿಗೆ ಇನ್ನೆರಡು ಮೂರು ವಾರ. ಶಾಸ್ತ್ರದ ಗಡಿ ಅಷ್ಟರಲ್ಲಿ ಬಾಗಿಲಿಗೆ ಬಂದಿರುತ್ತದೆ. 2021ರ ತಿದ್ದುಪಡಿಯ ನಂತರ ಭಾರತದ ಕಾನೂನು ಕೊಡುವ ಅವಕಾಶ ಅದಕ್ಕಿಂತ ದೊಡ್ಡದು: ನಿಗದಿತ ವರ್ಗದ ಮಹಿಳೆಯರಿಗೆ 24 ವಾರ, ಗಂಭೀರ ವೈಕಲ್ಯವನ್ನು ವೈದ್ಯಕೀಯ ಮಂಡಳಿ ದೃಢಪಡಿಸಿದರೆ ವಾರಗಳ ಮಿತಿಯೇ ಇಲ್ಲ. ಕಾನೂನಿಗೆ ಸಮಯವಿದ್ದರೂ ನಂಬಿಕೆಯ ಗಡಿಯಾರಕ್ಕೆ ಇರುವುದಿಲ್ಲ. ಹುಸಿ ರಿಪೋರ್ಟಿನ ನಿಜವಾದ ಅಪಾಯ ಇರುವುದು ಈ ಅವಸರದಲ್ಲೇ.

ಹಿಂದೂ ಗ್ರಂಥಗಳು ಈ ವಿಷಯದಲ್ಲಿ ಒಂದೇ ಬಾಯಲ್ಲಿ ಮಾತಾಡಿಲ್ಲ. ಚರಕನ ಪ್ರಕಾರ ಶುಕ್ರ, ಶೋಣಿತ, ಜೀವ ಮೂರೂ ಕೂಡಿದರೇ ಗರ್ಭ, ಅಂದರೆ ಜೀವ ಮೊದಲ ದಿನದಿಂದಲೇ ಇದೆ. ಗರ್ಭೋಪನಿಷತ್ತು ಒಂದು ರಾತ್ರಿಗೆ ಕಲಲ, ಏಳು ರಾತ್ರಿಗೆ ಗುಳ್ಳೆ, ಹದಿನೈದು ದಿನಕ್ಕೆ ಪಿಂಡ ಎಂದು ಎಣಿಸುತ್ತ ಹೋಗಿ ಏಳನೇ ತಿಂಗಳಲ್ಲಿ ಜೀವ ಕೂಡುತ್ತದೆ ಎನ್ನುತ್ತದೆ. ಅವಳಿ ಹೇಗಾಗುತ್ತದೆ ಎಂಬುದಕ್ಕೂ ಅದರಲ್ಲಿ ಉತ್ತರವಿದೆ, ವಾಯುವಿನ ಒತ್ತಡಕ್ಕೆ ಶುಕ್ರ ಎರಡಾಗಿ ಒಡೆಯುತ್ತದೆ. ಒಂದು ಎರಡಾಗುವುದು ಸಾಧ್ಯವಾದರೆ ಎರಡು ಒಂದಾಗುವುದೂ ಸಾಧ್ಯವೇ ಎಂದು ಉಪನಿಷತ್ತಿನ ಋಷಿಯನ್ನು ಯಾರೂ ಕೇಳಿರಲಿಲ್ಲ. ಉತ್ತರ ಬಾಸ್ಟನ್ನಿನಿಂದ ಬಂತು. 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆ 52 ವರ್ಷದ ಮಹಿಳೆಯೊಬ್ಬಳ ಪ್ರಕರಣ ಪ್ರಕಟಿಸಿತು. ಮೂತ್ರಪಿಂಡ ಕಸಿಗಾಗಿ ಮನೆಯವರ ರಕ್ತ ಪರೀಕ್ಷಿಸಿದಾಗ ಮೂವರು ಗಂಡುಮಕ್ಕಳಲ್ಲಿ ಇಬ್ಬರು ಅವಳ ಮಕ್ಕಳೇ ಅಲ್ಲ ಎಂದು ಬಂತು. ಹೆತ್ತವಳಿಗೆ ಗೊತ್ತಿಲ್ಲವೇ? ಹುಡುಕುತ್ತ ಹೋದಾಗ ತಿಳಿದದ್ದು, ಅವಳ ತಾಯಿಯ ಒಡಲಲ್ಲಿ ಎರಡು ಹೆಣ್ಣು ಭ್ರೂಣಗಳು ಬೆಸೆದು ಒಬ್ಬಳಾಗಿ ಹುಟ್ಟಿದ್ದವು. ರಕ್ತ ಒಬ್ಬಳದು, ಮೈಯ ಬೇರೆ ಕಡೆ ಇಬ್ಬರೂ ಇದ್ದರು. ಆ ಇಬ್ಬರು ಮಕ್ಕಳ ತಾಯಿ ಯಾರು, ಬದುಕಿರುವವಳೇ ಅಥವಾ ಎಂದೂ ಹುಟ್ಟದ ಅವಳ ಸಹೋದರಿಯೇ? ಇಲ್ಲಿ ಯಾರಾದರೂ ಸತ್ತರೇ? ದೇಹಕ್ಕೊಂದು ಆತ್ಮವೆಂದು ಎಣಿಸುವ ಯಾವ ಮತಕ್ಕೂ ಈ ಲೆಕ್ಕ ಸಲೀಸಾಗಿ ಹೊಂದುವುದಿಲ್ಲ. ಗರ್ಭಧಾರಣೆಯ ಕ್ಷಣಕ್ಕೇ ಒಬ್ಬ ವ್ಯಕ್ತಿ ಶುರುವಾಗುತ್ತಾನೆಯೇ ಎಂದು 1988ರಲ್ಲಿ ಇಡೀ ಪುಸ್ತಕ ಬರೆದು ಅನುಮಾನಿಸಿದ ಆಸ್ಟ್ರೇಲಿಯಾದ ಪಾದ್ರಿ ನಾರ್ಮನ್ ಫೋರ್ಡ್ ಅವಳಿಗಳ ಸುತ್ತಲೇ ತಮ್ಮ ವಾದ ಕಟ್ಟಿದ್ದು ಸುಮ್ಮನೆ ಅಲ್ಲ.

ತತ್ತ್ವಶಾಸ್ತ್ರದ ಪ್ರಶ್ನೆಗಳಿಗಿಂತ ಮನೆಯೊಳಗೆ ಮೊದಲು ಏಳುವ ಪ್ರಶ್ನೆ ಸೂತಕದ್ದು. ಮನುಸ್ಮೃತಿ ಗರ್ಭಸ್ರಾವಕ್ಕೂ ಲೆಕ್ಕ ಇಟ್ಟಿದೆ, ಎಷ್ಟು ತಿಂಗಳ ಗರ್ಭವೋ ಅಷ್ಟು ರಾತ್ರಿ. ಮೂರು ತಿಂಗಳದ್ದು ಹೋದರೆ ಮೂರು ರಾತ್ರಿ ಹೆಂಗಸು ದೂರ ಕೂರಬೇಕು. ಮೈಲಿಗೆಯ ಈ ನಿಯಮದಲ್ಲಿ ಒಪ್ಪಲಾಗದ್ದು ಎಷ್ಟಿದ್ದರೂ, ಬಿದ್ದ ಗರ್ಭವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೂರು ರಾತ್ರಿಯ ಮಟ್ಟಿಗಾದರೂ ಮನೆಗೆ ಗೊತ್ತಾಗುತ್ತದೆ. ಕರಗಿದ ಅವಳಿಗೆ ಅದೂ ಇಲ್ಲ. ಸ್ರಾವವಿಲ್ಲವಾದ್ದರಿಂದ ಸೂತಕವಿಲ್ಲ. ಉಳಿದ ಗರ್ಭ ಬೆಳೆಯುತ್ತಿರುವುದರಿಂದ ಸೀಮಂತ ಆಗಬೇಕು, ಹಸಿರು ಬಳೆ ತೊಡಿಸಬೇಕು, ಮಡಿಲು ತುಂಬಬೇಕು. ಜಪಾನಿನ ಬೌದ್ಧ ದೇಗುಲಗಳಲ್ಲಿ ಹುಟ್ಟದೆ ಹೋದ ‘ನೀರಿನ ಕೂಸು’ಗಳಿಗಾಗಿ ಪುಟ್ಟ ಜಿಝೋ ಮೂರ್ತಿಗಳನ್ನಿಟ್ಟು, ಅವಕ್ಕೆ ಕೆಂಪು ಟೋಪಿ ಹಾಕಿ, ತಿರುಗುವ ಕಾಗದದ ಗಿರಗಟ್ಟೆ ಸಿಕ್ಕಿಸುತ್ತಾರೆ. ತಾಯಂದಿರ ತಪ್ಪಿತಸ್ಥ ಭಾವವನ್ನು ಇದು ಕಾಸಿಗೆ ತಿರುಗಿಸುತ್ತದೆಂದು ಅಲ್ಲೇ ಟೀಕೆಗಳಿವೆ. ಆದರೂ ಟೋಕಿಯೊದ ಝೋಜೋಜಿಯಲ್ಲಿ ಸಾಲುಸಾಲಾಗಿ ನಿಂತ ಆ ಟೋಪಿಗಳು, ಅಳುವುದಕ್ಕೊಂದು ಜಾಗ ಬೇಕೆಂಬುದನ್ನು ಮರೆಸುವುದಿಲ್ಲ.

1953ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವರದಿಯನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ರಕ್ತದಾನಕ್ಕೆ ಬಂದ ಹೆಂಗಸೊಬ್ಬಳ ರಕ್ತ ಗುಂಪು ಪರೀಕ್ಷೆಯಲ್ಲಿ ಒಂದು ತಮಾಷೆ ಮಾಡಿತು. ಕೆಲವು ಕಣಗಳು ಗಂಟುಕಟ್ಟಿದವು, ಉಳಿದವು ಕಟ್ಟಲಿಲ್ಲ. ಒಂದೇ ಮೈಯಲ್ಲಿ ಎ ಗುಂಪೂ ಓ ಗುಂಪೂ. ಮಾದರಿ ಲಂಡನ್ನಿನ ರಾಬರ್ಟ್ ರೇಸ್ ಅವರಲ್ಲಿಗೆ ಹೋಯಿತು. ಅವಳಿ ಕರುಗಳಲ್ಲಿ ಹೀಗಾಗುವುದನ್ನು ಬಲ್ಲ ರೇಸ್, ಆಕೆ ಅವಳಿಯೇ ಎಂದು ಕೇಳಿಸಿದರು. ಹೌದು, ಒಬ್ಬ ಅವಳಿ ಸೋದರನಿದ್ದ, ಮೂರು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡಿದ್ದ, ಅದಾಗಿ ಇಪ್ಪತ್ತೈದು ವರ್ಷವಾಗಿತ್ತು. ಒಡಲೊಳಗೆ ಅವನಿಂದ ಬಂದ ಮೂಲಕೋಶಗಳು ಅವಳ ಮೂಳೆಯೊಳಗೆ ಕೂತು ಇಪ್ಪತ್ತೈದು ವರ್ಷ ಅವನ ರಕ್ತವನ್ನು ತಯಾರಿಸುತ್ತಲೇ ಇದ್ದವು. ಆ ದಿನ ಅವಳು ದಾನ ಮಾಡಿದ ಬಾಟಲಿಯಲ್ಲಿ ಒಂದು ಪಾಲು ಅವನದು.

ರೇಸ್ ಅವರಿಗೆ ಉತ್ತರ ಸಿಕ್ಕಿದ್ದು ಪ್ರಶ್ನೆ ಕೇಳಿದ್ದಕ್ಕೆ. ಇಲ್ಲಿ ಯಾವ ಕಾಗದ ಆ ಪ್ರಶ್ನೆ ಕೇಳುತ್ತದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಪ್ರಸೂತಿ ತಜ್ಞರ ಕೇಸ್ ಶೀಟಿನ ತುದಿಯಲ್ಲಿ ಜಿ, ಪಿ, ಎಲ್, ಎ ಎಂದು ನಾಲ್ಕು ಅಕ್ಷರ ಬರೆಯುತ್ತಾರೆ: ಎಷ್ಟನೇ ಬಸುರು, ಎಷ್ಟು ಹೆರಿಗೆ, ಬದುಕಿರುವ ಮಕ್ಕಳೆಷ್ಟು, ಗರ್ಭಪಾತವೆಷ್ಟು. ಅವಳಿಯಾದರೂ ಬಸುರು ಒಂದೇ. ಅದು ನಿಂತಿರುವಾಗ ಗರ್ಭಪಾತದ ಮುಂದೆ ಸೊನ್ನೆ. ಜನನ ಮರಣ ನೋಂದಣಿ 28 ವಾರ ತುಂಬದ ಗರ್ಭವನ್ನು ಕಣ್ಣೆತ್ತಿ ನೋಡುವುದಿಲ್ಲ. ಪುರೋಹಿತರ ಪಂಚಾಂಗದಲ್ಲಿ ಇದಕ್ಕೆ ಕಾಲಂ ಇಲ್ಲ. ಎನ್‌ಐಪಿಟಿಗೆ ರಕ್ತ ಕಳಿಸುವಾಗ ತುಂಬಿಸುವ ಫಾರಮ್ಮುಗಳಲ್ಲಿ ಮಾತ್ರ, ಹೆಸರು, ತೂಕ, ಕೊನೆಯ ಮುಟ್ಟಿನ ದಿನ, ಐವಿಎಫ್ ಹೌದೋ ಅಲ್ಲವೋ ಎಂಬುದರ ಕೆಳಗೆ ಎಷ್ಟೋ ಕಡೆ ಒಂದು ಪುಟ್ಟ ಚೌಕ ಇರುತ್ತದೆ. ‘ವ್ಯಾನಿಶಿಂಗ್ ಟ್ವಿನ್: ಇದೆ / ಇಲ್ಲ’. ಲೆಕ್ಕ ಕೆಡದಿರಲಿ ಎಂದು ಇಟ್ಟದ್ದು ಅದು. ರಕ್ತ ತೆಗೆಯುವ ಹುಡುಗಿ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುವ ಮೊದಲು ಪೆನ್ನು ಹಿಡಿದು, ಮುಖ ನೋಡದೆ, ‘ಮೇಡಂ, ಇದು ಇದೆಯಾ?’ ಎಂದು ಕೇಳುತ್ತಾಳೆ. ಎದುರಿನ ಕುರ್ಚಿಯಲ್ಲಿ ಕೂತವಳು ‘ಇದೆ’ ಎನ್ನಬೇಕೋ ‘ಇತ್ತು’ ಎನ್ನಬೇಕೋ ತಿಳಿಯದೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ.